ದೂರದ ವೈದ್ಯರ ನೆರವು

ಕಾರ್ಕಳ ತಾಲೂಕಿನ ಬೆಳ್ಮಣ್ಣಿನಂತಹ ಊರುಗಳಲ್ಲಿ ಎದೆನೋವು ಬಂದವರು ಹೃದಯತಜ್ಞರನ್ನು ಅರಸಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವುದು ವಾಡಿಕೆ. ಆದರೆ ಹೃದಯದ ರಕ್ತನಾಳ ಮುಚ್ಚಿಕೊಂಡಾಗ, ಚಿಕಿತ್ಸೆ ತಡವಾದಷ್ಟೂ ಅದರ ಸ್ನಾಯು ಸಾಯುತ್ತ ಹೋಗುತ್ತದೆ. ಈ ವಿಳಂಬವನ್ನು ತಗ್ಗಿಸಲೆಂದು ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ವೈದ್ಯರ ವಾಟ್ಸಾಪ್ ಬಳಗವೊಂದನ್ನು ಕಟ್ಟಿದರು. ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ದೊರಕಿಸಿಕೊಟ್ಟರು. ಹಳ್ಳಿಯ ವೈದ್ಯರು ಇಸಿಜಿಯ ಚಿತ್ರವನ್ನು ಕಳುಹಿಸಿದೊಡನೆ, ದೂರದ ತಜ್ಞರು ಅದನ್ನು ಪರಿಶೀಲಿಸಿ ಸಲಹೆ ನೀಡುವ ಏರ್ಪಾಡು ಇದರಿಂದ ಸಾಧ್ಯವಾಯಿತು.

ಆದರೆ ರೋಗಿಯ ಗುಟ್ಟು ವೈದ್ಯರನ್ನು ನಂಬಿ ಒಪ್ಪಿಸಿದ ಸೊತ್ತು. ಒಮ್ಮೆ ಹರಡಿದ ಹೆಸರನ್ನು, ಭಾವಚಿತ್ರವನ್ನು ಹಿಂದಕ್ಕೆ ಪಡೆಯಲಾಗದು. 2020ರ ದೂರವೈದ್ಯಕೀಯ ಮಾರ್ಗಸೂಚಿಯು ವಾಟ್ಸಾಪಿನಂತಹ ಸಾಧನಗಳಿಗೆ ಅವಕಾಶವಿತ್ತರೂ ಗೋಪ್ಯತೆಯನ್ನು ಕಾಯುವ ಹೊಣೆಯನ್ನು ವೈದ್ಯರಿಗೇ ವಹಿಸಿದೆ. ಇಸಿಜಿಯ ರೇಖೆಗಳು ತಜ್ಞರನ್ನು ಬೇಗನೆ ತಲಪಬೇಕು. ರೋಗಿಯ ಸಂಗತಿ ಅವರಾಚೆಗೆ ಹೋಗಬಾರದು.