ಮಾಗಿಯಲ್ಲಿ ಅರಳುವ ಈರುಳ್ಳಿ

ಗೆಡ್ಡೆಯಿಂದ ಹೂ ಬಿಡುವ ಗಿಡಗಳ ಮಾತು ಬಂದೊಡನೆ ನಮ್ಮ ಪುಷ್ಪಪ್ರೇಮಿಗಳ ಮನಸ್ಸು ಹಾಲೆಂಡಿಗೋ ಕಾಶ್ಮೀರಕ್ಕೋ ಹಾರುತ್ತದೆ. 2007ರಲ್ಲಿ ಶ್ರೀನಗರದ ಟ್ಯೂಲಿಪ್ ತೋಟ ತೆರೆದ ಮೇಲಂತೂ, ಅದನ್ನು ನೋಡಿ ಬಂದವರಿಗೆ ತಮ್ಮ ಮನೆಯ ಕುಂಡದಲ್ಲಿಯೂ ಅಂಥದೊಂದು ಹೂ ಅರಳಬೇಕೆಂಬ ಆಸೆ ಮೂಡುವುದು ಸಹಜ. ಆಸೆಯೇನೋ ಒಳ್ಳೆಯದೇ. ಆದರೆ ಟ್ಯೂಲಿಪ್ ಗೆಡ್ಡೆಗೆ ಮೂರು ನಾಲ್ಕು ತಿಂಗಳ ಕಡುಚಳಿ ದೊರೆಯದೆ ಅದರ ಹೂ ಸರಿಯಾಗಿ ತಲೆಯೆತ್ತದು. ನಮ್ಮ ಚಳಿ ಅದರ ಲೆಕ್ಕದಲ್ಲಿ ಚಳಿಯೇ ಅಲ್ಲ.

ನಮ್ಮ ಚಳಿ ಎಂದರೆ ದಾವಣಗೆರೆ ಸೀಮೆಯ ಚಳಿ. 1997ರಲ್ಲಿ ಈ ಜಿಲ್ಲೆ ರೂಪುಗೊಂಡಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಚನ್ನಗಿರಿಗೆ ಅಡಕೆ ತೋಟದ ನೆರಳು, ಹೊನ್ನಾಳಿಗೆ ತುಂಗಭದ್ರೆಯ ದಡ, ನ್ಯಾಮತಿಗೆ ಮಲೆನಾಡಿನ ಸೆರಗು, ಜಗಳೂರಿಗೆ ಮಳೆಯ ದಾರಿ ಕಾಯುವ ಬಯಲು. ಮಣ್ಣು ಬೇರೆ, ನೀರು ಬೇರೆ. ಆದರೂ ಮಾಗಿಯ ರಾತ್ರಿಗಳಲ್ಲಿ ಎಲ್ಲ ಕಡೆಯೂ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಚಳಿಯಲ್ಲಿ ತೃಪ್ತಿಗೊಂಡು ಹೂ ಬಿಡುವ ಗೆಡ್ಡೆಯೊಂದು ಈ ನಾಲ್ಕೂ ಊರುಗಳ ಅಡುಗೆಮನೆಯ ಬುಟ್ಟಿಯಲ್ಲಿದೆ. ಅದು ಈರುಳ್ಳಿ.

ಓದುಗರು ನಕ್ಕಾರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೂವಿಗೂ ಸಲ್ಲುತ್ತದೆ. ಸುಮಾರು 1562ರಲ್ಲಿ ಆಂಟ್‌ವರ್ಪ್ ನಗರದ ವರ್ತಕನೊಬ್ಬನಿಗೆ ಕಾನ್‌ಸ್ಟಾಂಟಿನೋಪಲ್‌ನಿಂದ ಬಟ್ಟೆಯ ಸರಕಿನೊಡನೆ ಟ್ಯೂಲಿಪ್ ಗೆಡ್ಡೆಗಳು ಬಂದವಂತೆ. ಆತ ಅವನ್ನು ಈರುಳ್ಳಿಯೆಂದು ತಿಳಿದು, ಕೆಲವನ್ನು ಸುಟ್ಟು ಎಣ್ಣೆ ಹುಳಿಗಳೊಡನೆ ತಿಂದು, ಮಿಕ್ಕವನ್ನು ಕೋಸಿನ ಮಡಿಯಲ್ಲಿ ಊರಿದನೆಂದು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಬರೆದಿಟ್ಟಿದ್ದಾನೆ. ಹೂವಿನ ಗೆಡ್ಡೆಯನ್ನು ಆತ ಈರುಳ್ಳಿಯೆಂದು ಕಂಡ. ಈರುಳ್ಳಿಯಲ್ಲಿ ಹೂವನ್ನು ಕಾಣುವ ಸರದಿ ನಮ್ಮದು.

ಈರುಳ್ಳಿ ಎರಡು ಹಂಗಾಮಿನ ಬಾಳು ಬಾಳುವ ಗಿಡ. ಮೊದಲನೆಯ ಹಂಗಾಮಿನಲ್ಲಿ ಅದು ಗೆಡ್ಡೆ ಕಟ್ಟಿ ಆಹಾರವನ್ನು ಕೂಡಿಡುತ್ತದೆ. ಎರಡನೆಯದರಲ್ಲಿ ಆ ಗಂಟನ್ನು ಬಿಚ್ಚಿ ಹೂವಿಗೂ ಬೀಜಕ್ಕೂ ವೆಚ್ಚ ಮಾಡುತ್ತದೆ. ಎರಡರ ನಡುವೆ ಚಳಿಯ ಸಂಕೇತ ಬೇಕು. ನಾವು ತಿನ್ನುವುದು ಮೊದಲನೆಯ ಅಂಕದ ಕೊನೆಯಲ್ಲಿ. ಎರಡನೆಯ ಅಂಕವನ್ನು ನೋಡಿದವರು ಪೇಟೆಯಲ್ಲಿ ವಿರಳ.

ಅದನ್ನು ಮನೆಯಲ್ಲಿ ನೋಡುವುದು ಕಷ್ಟವಲ್ಲ. ಮಳೆಗಾಲದ ಬೆಳೆಯ, ಕೊಳೆತಿರದ, ಮಧ್ಯಮ ಗಾತ್ರದ ಗೆಡ್ಡೆಯನ್ನು ಅಕ್ಟೋಬರ್ ಕೊನೆಯಲ್ಲಿ ಅಥವಾ ನವೆಂಬರ್ ಮೊದಲಲ್ಲಿ ಆರಿಸಿಕೊಳ್ಳಬೇಕು. ಮೇಲಿನ ಮೂರನೆಯ ಒಂದು ಭಾಗವನ್ನು ಕೊಯ್ದು ತೆಗೆದರೆ ಮೊಳಕೆ ಬೇಗ ಬರುತ್ತದೆ. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಸಮನಾಗಿ ಬೆರೆಸಿದ ಕುಂಡದಲ್ಲಿ ಬೇರಿನ ಕಡೆ ಕೆಳಗಾಗಿ ಊರಿ, ಬಿಸಿಲು ಬೀಳುವೆಡೆ ಇಟ್ಟು, ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಎಲೆಗಳ ನಡುವೆ, ಒಳಗೆ ಪೊಳ್ಳಾದ, ನಡುವಿನಲ್ಲಿ ಉಬ್ಬಿದ ದಂಟೊಂದು ಎದ್ದು ನಿಲ್ಲುವ ಹೊತ್ತಿಗೆ ಅದಕ್ಕೊಂದು ಊರುಗೋಲು ಕೊಡುವುದು ಒಳ್ಳೆಯದು.

ದಂಟಿನ ತುದಿಯಲ್ಲಿ ತೆಳ್ಳನೆಯ ಪೊರೆಯ ಚೀಲ. ಅದು ಬಿರಿದಾಗ ಹೊರಬರುವುದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಚೆಂಡು. ಪ್ರತಿಯೊಂದಕ್ಕೂ ಆರು ಬಿಳಿಯ ದಳ, ನಡುವೆ ಹಸುರು ಗೆರೆ, ಆರು ಕೇಸರ. ಎಲ್ಲವೂ ಒಂದೇ ದಿನ ಅರಳುವುದಿಲ್ಲ. ಎರಡು ಮೂರು ವಾರ ಚೆಂಡಿನಲ್ಲಿ ಹೂವೂ ಮೊಗ್ಗೂ ಜೊತೆಗಿರುತ್ತವೆ. ಪ್ರತಿ ಹೂವಿನಲ್ಲಿ ಪರಾಗ ಮೊದಲು ಉದುರಿ, ಶಲಾಕೆ ಆಮೇಲೆ ಸಿದ್ಧವಾಗುವುದರಿಂದ ಅದಕ್ಕೆ ಬೇರೊಂದು ಹೂವಿನ ಪರಾಗ ಬೇಕು. ತರುವವು ಜೇನುಹುಳುಗಳು. ಹೊನ್ನಾಳಿಯ ನಮ್ಮ ಮನೆಯ ಮಾಳಿಗೆಯಲ್ಲಿ, ಒಂದು ಕುಂಡದ ಸುತ್ತ ಬೆಳಗಿನ ಬಿಸಿಲಲ್ಲಿ ಅವು ಸೇರುವ ಸಂಭ್ರಮವನ್ನು ನೋಡುತ್ತ ನಾನು ಶಾಲೆಯ ಗಂಟೆಯ ನೆನಪನ್ನು ಬಲವಂತದಿಂದ ತಂದುಕೊಂಡದ್ದುಂಟು.

ನಮಗೆ ಇದು ನೋಟದ ಸುಖ. ಜಗಳೂರಿನ ಬಯಲಿನಲ್ಲಿ ಇದು ಬದುಕಿನ ಲೆಕ್ಕ. ಮಳೆಯಾಶ್ರಯದ ಹೊಲದಲ್ಲಿ ಗೆಡ್ಡೆಗಾಗಿ ಬೆಳೆದ ಈರುಳ್ಳಿ ಅಕಾಲದಲ್ಲಿ ಹೂ ಬಿಟ್ಟರೆ ನಷ್ಟ: ಕುತ್ತಿಗೆ ದಪ್ಪವಾಗಿ, ಒಳಗು ಗಟ್ಟಿಯಾಗಿ, ಗೆಡ್ಡೆ ಬಾಳಿಕೆ ಬರದು. ಬೀಜಕ್ಕೆಂದು ಊರಿದ್ದು ಹೂ ಬಿಡದಿದ್ದರೂ ನಷ್ಟವೇ. ಸ್ವಂತ ಬೀಜ ಉಳಿಸಿಕೊಳ್ಳುವ ರೈತ ಕಿತ್ತ ರಾಶಿಯಲ್ಲಿ ಬಣ್ಣ ತುಂಬಿದ, ಕುತ್ತಿಗೆ ಸಣ್ಣಗಿರುವ, ಒಡೆಯದ ಗೆಡ್ಡೆಗಳನ್ನು ಆಯ್ದು ಚಳಿಗಾಲಕ್ಕೆ ಮತ್ತೆ ಊರುತ್ತಾನೆ. ಬೇರೆ ತಳಿಯ ಹೂವಿನ ಪರಾಗ ಬೆರೆಯದಂತೆ ಸುಮಾರು ಒಂದು ಕಿಲೋಮೀಟರು ದೂರವಿರಬೇಕು. ಹೂವಿನ ಕಾಲದಲ್ಲಿ ವಿಷ ಸಿಂಪಡಿಸಿ ಜೇನು ಸತ್ತರೆ ಕಾಯಿ ಜೊಳ್ಳು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ತಳಿಗಳೂ ಹೀಗೆಯೇ ಪೀಳಿಗೆಯಿಂದ ಪೀಳಿಗೆಗೆ ಆಯ್ದು, ಅರಳಿಸಿ, ಉಳಿಸಿಕೊಂಡವುಗಳೇ.

ಈ ಬೀಜಕ್ಕೆ ಇನ್ನೊಂದು ಸ್ವಭಾವವಿದೆ. ರಾಗಿಯಂತೆ ಅದು ವರ್ಷಗಟ್ಟಲೆ ಕಾಯುವುದಿಲ್ಲ. ನಮ್ಮ ಸೆಕೆಯಲ್ಲಿ ಸುಮ್ಮನೆ ಇಟ್ಟರೆ ಸುಮಾರು ಒಂದು ವರ್ಷದಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಬೆಲೆ ಏರಿದ ವರ್ಷ ಬೀಜಕ್ಕೆಂದು ಎತ್ತಿಟ್ಟ ಗೆಡ್ಡೆಯೂ ಪೇಟೆಗೆ ಹೋದೀತು. ಬೆಲೆ ಬಿದ್ದ ವರ್ಷ ಊರುವ ಉತ್ಸಾಹವೇ ಬತ್ತೀತು. ಒಂದೆರಡು ಮಾಗಿ ಹೂವಿಲ್ಲದೆ ಕಳೆದರೆ ಒಂದು ಮನೆತನ ಕಾಪಾಡಿಕೊಂಡು ಬಂದ ತಳಿಯೇ ಕೈತಪ್ಪುತ್ತದೆ. ಆಮೇಲೆ ಅಂಗಡಿಯಲ್ಲಿ ಕೊಟ್ಟ ಬೀಜ, ಹೇಳಿದ ಬೆಲೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಈ ಮಾಗಿಯಲ್ಲಿ ಶಾಲೆಯ ಅಂಗಳದ ಬಿಸಿಲಲ್ಲಿ ನಾಲ್ಕಾರು ಈರುಳ್ಳಿ ಊರಿಸಿ. ಕಾಯಿ ಬಿರಿದು ಒಳಗಿನ ಕಪ್ಪು ಬೀಜ ಕಾಣತೊಡಗಿದಾಗ ಚೆಂಡನ್ನು ಕೊಯ್ದು, ನೆರಳಲ್ಲಿ ಒಣಗಿಸಿ, ಮಕ್ಕಳ ಅಂಗೈಗೆ ಬಿಡಿಸಿ ಹಾಕಿ. ಒಂದು ಕಾಯಿಯಲ್ಲಿ ಹೆಚ್ಚೆಂದರೆ ಆರು ಬೀಜ; ಎಣಿಸಲಿ. ಮುಂದಿನ ಮಳೆಗೆ ಅವನ್ನು ಬಿತ್ತಲೇಬೇಕೆಂದು ಹೇಳುವುದನ್ನು ಮಾತ್ರ ಮರೆಯಬೇಡಿ.