ದೂರ ಪ್ರಯಾಣಕ್ಕೆ ಎಂತಹ ಮೋಟಾರು ಸೈಕಲ್ಲು?

ಮೋಟಾರು ಸೈಕಲ್ಲನ್ನು ಕೊಳ್ಳಲು ಹೊರಟ ತರುಣನು ಮೊದಲು ಕೇಳುವ ಪ್ರಶ್ನೆ, ‘ಇದು ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತದೆ?’ ಎಂಬುದು. ಹಣ ಕೊಡುವ ತಂದೆಯ ಪ್ರಶ್ನೆ, ‘ಲೀಟರಿಗೆ ಎಷ್ಟು ಓಡುತ್ತದೆ?’ ಎಂಬುದು. ‘ಇದರ ಮೇಲೆ ಐದಾರು ಗಂಟೆ ಕುಳಿತರೆ ಕೈ, ಬೆನ್ನು, ಸೊಂಟಗಳ ಗತಿ ಏನು?’ ಎಂದು ಕೇಳುವವರು ವಿರಳ. ದೂರ ಪ್ರಯಾಣ ಮಾಡುವವನಿಗಾದರೋ ಇದೇ ಮುಖ್ಯವಾದ ಪ್ರಶ್ನೆ.

ಈ ಮಾತನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ, ಒಂದೇ ಸಿಲಿಂಡರಿನ ಹಳೆಯ ಮೋಟಾರು ಸೈಕಲ್ಲೊಂದನ್ನೇರಿ ಮೈಸೂರಿನಿಂದ ಮಡಿಕೇರಿಯ ಮಾರ್ಗವಾಗಿ ಮಂಗಳೂರಿಗೆ ಹೊರಟಿದ್ದೆವು. ಬೇಗ ತಲುಪುವ ಆತುರದಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಎಂಜಿನ್ನಿಗೂ ಬಿಡುವು ಕೊಡಲಿಲ್ಲ. ಸಂಪಾಜೆಯ ಘಾಟಿಯನ್ನು ಇಳಿಯುವಾಗ ಒಂದು ತಿರುವಿನಲ್ಲಿ ಹಸುವೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ನಮ್ಮ ಬೆರಳುಗಳು ಬ್ರೇಕಿನ ಹಿಡಿಯ ಮೇಲೆಯೇ ಇದ್ದುವು. ಆದರೆ ಅವು ಮರಗಟ್ಟಿ ಹೋಗಿದ್ದುದರಿಂದ, ಒತ್ತುತ್ತಿರುವೆವೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಗಾಡಿ ನಿಂತಾಗ ನಮಗೂ ಹಸುವಿಗೂ ನಡುವೆ ಉಳಿದದ್ದು ಒಂದು ಮೊಳ. ಗಂಟೆಗೆ 80 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 22 ಮೀಟರು. ಕೈ ಅರ್ಧ ಸೆಕೆಂಡು ತಡಮಾಡಿದರೆ ಗಾಡಿ 11 ಮೀಟರು ಮುಂದೆ ಹೋಗಿರುತ್ತದೆ. ಆದುದರಿಂದ ಸವಾರನ ಸುಖವು ಬರಿಯ ಭೋಗವಲ್ಲ, ಅದು ಸುರಕ್ಷತೆಯ ಒಂದು ಅಂಗ.

ಎಂಜಿನ್ನಿನ ನಡುಕ

ಬೆರಳುಗಳು ಮರಗಟ್ಟಲು ಕಾರಣವೇನು? ಸಿಲಿಂಡರಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ ಪ್ರತಿ ತುದಿಯಲ್ಲಿಯೂ ನಿಂತು ಹಿಂದಿರುಗಬೇಕು. ಅದರ ಓಟದ ಉದ್ದ 90 ಮಿಲಿಮೀಟರು, ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಸರಳ ಸಂಗತ ಚಲನೆಯ ಸೂತ್ರವನ್ನು ಬಳಸಿ ಲೆಕ್ಕ ಹಾಕಿದರೆ, ತುದಿಯಲ್ಲಿ ಪಿಸ್ಟನ್ನಿನ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಸುಮಾರು 450 ರಷ್ಟಾಗುತ್ತದೆ! ಅರ್ಧ ಕಿಲೋಗ್ರಾಂ ತೂಕದ ಪಿಸ್ಟನ್ನು ಎಂಜಿನ್ನನ್ನು 200 ಕಿಲೋಗ್ರಾಮಿಗೂ ಮೀರಿದ ಭಾರದಷ್ಟು ಬಲದಿಂದ ಸೆಕೆಂಡಿಗೆ 50 ಸಲ ಮೇಲಕ್ಕೂ ಕೆಳಕ್ಕೂ ಜಗ್ಗುವುದೆಂದಾಯಿತು. ಈ ಬಲವು ಸುತ್ತಿನ ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ, 3000 ಸುತ್ತು 4000 ಆದಾಗ ಬಲವು ಹೆಚ್ಚುಕಡಿಮೆ 1.8 ರಷ್ಟಾಗುತ್ತದೆ.

ಇದಕ್ಕೆ ಪರಿಹಾರಗಳುಂಟು. ಎರಡು ಪಿಸ್ಟನ್ನುಗಳನ್ನು ಎದುರುಬದುರಾಗಿ ಮಲಗಿಸಿ, ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಹೋಗುವಂತೆ ಮಾಡಿದರೆ ಒಂದರ ಬಲವನ್ನು ಮತ್ತೊಂದು ಅಳಿಸುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು 1923 ರಲ್ಲಿ ತಂದ ಆರ್ 32 ಮೋಟಾರು ಸೈಕಲ್ಲು ಈ ಬಗೆಯದು. ಒಂದೇ ಸಿಲಿಂಡರಿದ್ದರೆ, ಕ್ರ್ಯಾಂಕಿಗೆ ತಕ್ಕಷ್ಟು ಪ್ರತಿಭಾರವನ್ನು ಕೂಡಿಸಿ, ಅಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ಸುತ್ತುವ ಮತ್ತೊಂದು ಭಾರವನ್ನು ಪಕ್ಕದಲ್ಲಿ ಇಡುತ್ತಾರೆ. ಇದೇ ಬ್ಯಾಲೆನ್ಸರ್ ಷಾಫ್ಟ್. 2016 ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಾಡಿಯ 411 ಸಿ.ಸಿ. ಎಂಜಿನ್ನಿನಲ್ಲಿ ಇಂತಹ ದಂಡವಿತ್ತು. ಕೊಳ್ಳುವವರು ಸಿಲಿಂಡರುಗಳ ಸಂಖ್ಯೆಯನ್ನಷ್ಟೇ ಎಣಿಸಬಾರದು. ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿಳಿಯುವಂತಿದ್ದು ಬ್ಯಾಲೆನ್ಸರ್ ಇಲ್ಲದಿದ್ದರೆ, ಅಂತಹ ಜೋಡಿ ಸಿಲಿಂಡರಿನ ಎಂಜಿನ್ನೂ ನಡುಗುವುದು ತಪ್ಪದು.

ಸ್ಪ್ರಿಂಗಿನ ಲೆಕ್ಕ

ಎರಡನೆಯ ಶತ್ರು ರಸ್ತೆ. ಕುಳಿತಿರುವ ಮನುಷ್ಯನ ದೇಹವು ಸೆಕೆಂಡಿಗೆ ಸುಮಾರು 4 ರಿಂದ 8 ಸಲ ಕುಲುಕುವ ಕಂಪನವನ್ನು ಬಹಳ ಕಡಿಮೆ ಸಹಿಸುತ್ತದೆ. ಆಗ ಹೊಟ್ಟೆ, ಎದೆ, ಬೆನ್ನೆಲುಬುಗಳು ಅನುರಣನಕ್ಕೆ ಒಳಗಾಗಿ ಆಸನಕ್ಕಿಂತಲೂ ಹೆಚ್ಚಾಗಿ ತೂಗಾಡುತ್ತವೆ. ರಸ್ತೆಯಲ್ಲಿ ಮೂರು ಮೀಟರಿಗೊಂದು ಉಬ್ಬು ಇದ್ದು, ನಾವು ಗಂಟೆಗೆ 60 ಕಿಲೋಮೀಟರು ವೇಗದಿಂದ ಹೋದರೆ, ಸೆಕೆಂಡಿಗೆ ಐದೂವರೆ ಕುಲುಕು! ಅದು ದೇಹಕ್ಕೆ ಒಗ್ಗದ ಆ ಮೇರೆಯೊಳಗೇ ಬೀಳುತ್ತದೆ.

ಸವಾರನು ಕುಳಿತಾಗ ಗಾಡಿಯು ತನ್ನ ಭಾರವೂ ಸೇರಿದಂತೆ ಒಟ್ಟು ಎಷ್ಟು ಕುಸಿಯುವುದೆಂಬುದರಿಂದ ಅದರ ಸಹಜ ಕಂಪನಾಂಕವನ್ನು ತಿಳಿಯಬಹುದು. 4 ಸೆಂಟಿಮೀಟರು ಕುಸಿದರೆ ಕಂಪನಾಂಕವು ಸೆಕೆಂಡಿಗೆ 2.5; 9 ಸೆಂಟಿಮೀಟರು ಕುಸಿದರೆ 1.66. ಶಾಕ್ ಅಬ್ಸಾರ್ಬರಿನ ತಡೆಯನ್ನು ಗಣಿಸದೆ ಲೆಕ್ಕ ಹಾಕಿದರೆ, ಮೇಲೆ ಹೇಳಿದ ರಸ್ತೆಯ ಕುಲುಕಿನಲ್ಲಿ ಮೊದಲನೆಯ ಗಾಡಿಯು ನಾಲ್ಕನೆಯ ಒಂದು ಪಾಲನ್ನು ಸವಾರನಿಗೆ ಮುಟ್ಟಿಸುತ್ತದೆ. ಎರಡನೆಯದು ಹತ್ತನೆಯ ಒಂದು ಪಾಲನ್ನು ಮಾತ್ರ. ಆದರೆ ಮೃದುವಾದ ಸ್ಪ್ರಿಂಗಿಗೆ ಮೇಲೆ ಕೆಳಗೆ ಆಡಲು ಹೆಚ್ಚು ಸ್ಥಳ ಬೇಕು. ಇಲ್ಲವಾದರೆ ದೊಡ್ಡ ಗುಂಡಿಯಲ್ಲಿ ಅದು ತಳಕ್ಕೆ ಬಡಿದು ಸ್ಪ್ರಿಂಗೇ ಇಲ್ಲದಂತಾಗುತ್ತದೆ. ಹಿಮಾಲಯನ್ನಿನ ಮುಂದಿನ ಚಕ್ರಕ್ಕೆ 200, ಹಿಂದಿನದಕ್ಕೆ 180 ಮಿಲಿಮೀಟರು ಚಲನೆಯನ್ನು ಕೊಟ್ಟಿದ್ದರ ಒಂದು ಪ್ರಯೋಜನ ಇದೇ.

ಗಾಳಿ ಮತ್ತು ಭಂಗಿ

ಪಂದ್ಯದ ಗಾಡಿಯ ಮೇಲೆ ಮುಂದಕ್ಕೆ ಬಗ್ಗಿ ಕುಳಿತ ಸವಾರನ ಚಿತ್ರವನ್ನು ಕಂಡು ಮರುಳಾಗದವರಿಲ್ಲ. ಆ ಭಂಗಿಯಲ್ಲಿ ಮೈಭಾರದ ಒಂದು ಪಾಲು ಮಣಿಕಟ್ಟಿನ ಮೇಲೆ ಬೀಳುತ್ತದೆ. ಅತಿ ವೇಗದಲ್ಲಿ ಎದುರು ಗಾಳಿಯು ಎದೆಯನ್ನು ಹಿಂದಕ್ಕೆ ಒತ್ತಿ ಆ ಭಾರವನ್ನು ಹೊರುತ್ತದೆ. ಗಾಳಿಯ ಒತ್ತು ವೇಗದ ವರ್ಗದಂತೆ ಹೆಚ್ಚುವುದು. ಗಂಟೆಗೆ 60 ರಿಂದ 90 ಕಿಲೋಮೀಟರಿಗೆ ಹೋದರೆ ಅದು ಎರಡೂಕಾಲು ಪಟ್ಟಾಗುತ್ತದೆ. ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಹೋಗುವ ವೇಗದಲ್ಲಾದರೋ ಗಾಳಿಯ ಈ ಸಹಾಯ ಸ್ವಲ್ಪವೇ. ಆದುದರಿಂದ ಬೆನ್ನು ಬಹುಮಟ್ಟಿಗೆ ನೆಟ್ಟಗಿದ್ದು, ಮೊಣಕೈ ಸ್ವಲ್ಪ ಮಡಿಸಿ, ಪಾದಗಳು ಮೈಯ ಕೆಳಗೇ ಬರುವಂತಹ ಭಂಗಿಯೇ ಮೇಲು. ಪಾದಗಳು ಕೆಳಗಿದ್ದರೆ ಗುಂಡಿಯಲ್ಲಿ ಕ್ಷಣಕಾಲ ಎದ್ದು ನಿಂತು ಬೆನ್ನನ್ನು ಉಳಿಸಿಕೊಳ್ಳಬಹುದು. ಪಾದಗಳನ್ನು ಮುಂದಕ್ಕೆ ಚಾಚಿ ಕುಳಿತವನಿಗೆ ಈ ಉಪಾಯವಿಲ್ಲ.

ಆಸನದ ವಿಷಯದಲ್ಲಿಯೂ ಒಂದು ಭ್ರಮೆಯುಂಟು. ಅಂಗಡಿಯಲ್ಲಿ ಹತ್ತಿಯಂತೆ ಮೆತ್ತಗೆ ತೋರುವ ಆಸನವು ಗಂಟೆಯೊಳಗೆ ಅದುಮಿ ಹೋಗಿ, ಕೆಳಗಿನ ಹಲಗೆಯ ಮೇಲೆ ಕುಳಿತಂತಾಗಬಹುದು. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ ಫಲ. ಅಗಲವಾಗಿಯೂ ಸಾಧಾರಣ ಗಟ್ಟಿಯಾಗಿಯೂ ಇರುವ ಆಸನವು ಭಾರವನ್ನು ಹೆಚ್ಚು ಜಾಗಕ್ಕೆ ಹರಡಿ, ರಕ್ತದ ಓಡಾಟಕ್ಕೆ ಅಡ್ಡಿಯನ್ನು ಕಡಿಮೆಮಾಡುತ್ತದೆ.

ಪರೀಕ್ಷಿಸುವ ಬಗೆ

ಹಾಗಾದರೆ ಯಾವ ಗಾಡಿ? ಎಲ್ಲರಿಗೂ ಒಂದೇ ಉತ್ತರವಿಲ್ಲ. ಐದಡಿಯವನಿಗೆ ಹೊಂದುವ ಆಸನವು ಆರಡಿಯವನಿಗೆ ಹೊಂದದು. ಗಾಡಿಯನ್ನು ಬೀದಿಯ ಕೊನೆಯವರೆಗೆ ಓಡಿಸಿ ನೋಡಿದರೆ ಸಾಲದು. ಗೆಳೆಯನದನ್ನು ಕೇಳಿಯೋ ಬಾಡಿಗೆಗೆ ಪಡೆದೋ ಒಂದೆರಡು ಗಂಟೆ ಸವಾರಿ ಮಾಡಬೇಕು. ನಾವು ಹೋಗಬಯಸುವ ವೇಗದಲ್ಲಿ, ಮೇಲಿನ ಗೇರಿನಲ್ಲಿ, ಹ್ಯಾಂಡಲು ನಡುಗುವುದೇ ಎಂದು ನೋಡಬೇಕು. ಇಳಿದ ಕೂಡಲೆ ಅಂಗಿಯ ಗುಂಡಿಯೊಂದನ್ನು ಬಿಚ್ಚಿ ಹಾಕಿರಿ; ಬೆರಳು ತಡವರಿಸಿದರೆ ಆ ಗಾಡಿ ದೂರ ಪ್ರಯಾಣಕ್ಕೆ ತಕ್ಕುದಲ್ಲ.

ನಮ್ಮ ಹಳೆಯ ಗಾಡಿ ಇನ್ನೂ ನಮ್ಮಲ್ಲಿಯೇ ಇದೆ. ಸಂಪಾಜೆಯ ಅನಂತರ ಅದನ್ನು ನಿಧಾನವಾಗಿ ಓಡಿಸುತ್ತೇವೆ. ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿದು, ಕೈ ಕೊಡವಿ, ನಾಲ್ಕು ಹೆಜ್ಜೆ ನಡೆದಾಡುತ್ತೇವೆ. ಎಷ್ಟು ಒಳ್ಳೆಯ ಗಾಡಿಯನ್ನು ಕೊಂಡರೂ ಈ ಬಿಡುವನ್ನು ಬಿಡಬಾರದು. ಯಂತ್ರಕ್ಕೆ ದಣಿವಿಲ್ಲದಿರಬಹುದು, ಬ್ರೇಕು ಒತ್ತಬೇಕಾದ ಕೈಗೆ ದಣಿವುಂಟು.