ಕೆಂಪಗೆ ಕಾದರೂ ಕೊರೆಯುವ ಉಕ್ಕು

ಲೇತ್ ಟೂಲನ್ನು ಎಷ್ಟು ಕಾಯಿಸಿ ಹದ ಮಾಡಬೇಕು ಎಂಬುದರಲ್ಲಿ ಹತ್ತೊಂಬತ್ತನೇ ಶತಮಾನದ ಕಮ್ಮಾರರಿಗೆ ಸಂಶಯವೇ ಇರಲಿಲ್ಲ. ಚೆರಿ ಹಣ್ಣಿನ ಕೆಂಪು ಬಂದರೆ ಸಾಕು. ಅಂದರೆ ಸುಮಾರು 845 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದ ಉಕ್ಕು ಸುಟ್ಟುಹೋಯಿತೆಂದೇ ಲೆಕ್ಕ.

1898ರಲ್ಲಿ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಗೆ ಬಂದ ಎಂಜಿನಿಯರ್ ಫ್ರೆಡರಿಕ್ ಟೇಲರ್, ಅಲ್ಲಿನ ಮಷಿನ್ ಶಾಪ್‌ಗೆಲ್ಲ ಒಂದೇ ಬಗೆಯ ಟೂಲ್ ಗೊತ್ತುಮಾಡಲು ಹೊರಟರು. ಟಂಗ್‌ಸ್ಟನ್, ಕ್ರೋಮಿಯಂ ಬೆರೆತ ಉಕ್ಕೊಂದನ್ನು ಆರಿಸಿ, ಫೋರ್‌ಮನ್‌ಗಳ ಎದುರು ಓಡಿಸಿ ತೋರಿಸಿದರು. ಗೆಲ್ಲಬೇಕಿದ್ದ ಟೂಲೇ ಸೋತಿತು. ಹದ ಮಾಡುವಾಗ ಹೆಚ್ಚು ಕಾಯಿಸಿರಬೇಕು ಎಂಬ ಗುಮಾನಿ ಬಂತು. ಹಾಗಾದರೆ ಎಷ್ಟು ಕಾಯಿಸಿದರೆ ಎಷ್ಟು ಕೆಡುತ್ತದೆ ಎಂದು ಅಳೆದೇ ನೋಡೋಣವೆಂದು ಟೇಲರ್ ಮತ್ತು ಲೋಹತಜ್ಞ ಮಾನ್ಸೆಲ್ ವೈಟ್ ಕುಳಿತರು.

845 ದಾಟಿದಾಗ ಟೂಲ್ ನಿಜಕ್ಕೂ ಕೆಟ್ಟಿತು. 925ರವರೆಗೂ ಕೆಡುತ್ತಲೇ ಹೋಯಿತು. ಬೇರೆ ಯಾರಾದರೂ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಬಿಡಲಿಲ್ಲ. 940 ದಾಟಿದ ಮೇಲೆ ಉಕ್ಕು ಚೇತರಿಸಿಕೊಂಡಿತು. ಕರಗುವ ಹಂತದ ಹತ್ತಿರಕ್ಕೆ ಕಾಯಿಸಿದ್ದು ಎಲ್ಲವನ್ನೂ ಮೀರಿಸಿತು. ಅಷ್ಟು ಶಾಖದಲ್ಲಿ ಟಂಗ್‌ಸ್ಟನ್, ಕ್ರೋಮಿಯಂಗಳ ಕಾರ್ಬೈಡ್ ಉಕ್ಕಿನೊಳಗೆ ಕರಗಿ ಬೆರೆಯುತ್ತದೆ. ಆಮೇಲೆ ಕೊರೆಯುವಾಗ ಮೂತಿ ಬಿಸಿಯೇರಿದರೂ ಗಡಸುತನ ಇಳಿಯುವುದಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ನೆರೆದವರು ಕಂಡಿದ್ದು ಇದನ್ನೇ: ಟೂಲಿನ ಮೂತಿ ಮಂದ ಕೆಂಪಾಗಿದೆ, ಕೊರೆದು ಬಂದ ಚೂರು ನೀಲಿಯಾಗಿ ಸುರುಳಿ ಬಿಚ್ಚುತ್ತಿದೆ, ಅಂಚು ಮಾತ್ರ ನಿಂತಿದೆ. ಬೆತ್ಲೆಹೆಮ್‌ನಲ್ಲಿ ಕೊರೆಯುವ ವೇಗ ನಿಮಿಷಕ್ಕೆ ಸುಮಾರು 9 ಅಡಿಯಿದ್ದದ್ದು 25 ಅಡಿಗೆ ಏರಿತು.

ಈ ಹೈಸ್ಪೀಡ್ ಉಕ್ಕಿನಷ್ಟೇ ದೊಡ್ಡ ಶೋಧ, ನನ್ನ ಮಟ್ಟಿಗೆ, ಅದರ ಜೊತೆಗೆ ಬಂದ ಲೆಕ್ಕಾಚಾರ. ಟೇಲರ್ 1880ರಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಕಾರ್ಖಾನೆಯಲ್ಲಿ ಆರು ತಿಂಗಳ ಕೆಲಸವೆಂದು ಶುರುಮಾಡಿದ ಪ್ರಯೋಗಗಳು 26 ವರ್ಷ ನಡೆದವು. 1906ರಲ್ಲಿ ಫಲಿತಾಂಶ ಮಂಡಿಸುವಾಗ ಅವರು ಹೇಳಿದ್ದು ಇದು: ಟೂಲ್ ಮತ್ತೆ ಸಾಣೆ ಹಿಡಿಯದೆ ಒಂದೂವರೆ ಗಂಟೆಗಿಂತ ಹೆಚ್ಚು ಬಾಳಲಿ ಎಂದು ಯಂತ್ರವನ್ನು ನಿಧಾನಿಸಿದರೆ ನಷ್ಟ. ಟೂಲ್ ಉಳಿಯುತ್ತದೆ, ಆದರೆ ಯಂತ್ರದ ಹೊತ್ತು, ಆಳಿನ ಹೊತ್ತು ಎರಡೂ ಪೋಲು. ಅಂದರೆ ಟೂಲಿನ ಬೆಲೆಯನ್ನು ತೂಗಬೇಕಾದದ್ದು ಅದು ಮಾಡುವ ಕೆಲಸದ ಜೊತೆ. ಹಗಲೂ ರಾತ್ರಿ ಓಡುವ ಲೇತ್‌ಗೆ ದುಬಾರಿ ಉಕ್ಕು ಅಗ್ಗವೇ ಸರಿ. ಅಪರೂಪಕ್ಕೊಮ್ಮೆ ಓಡುವುದಕ್ಕೆ ಆ ದುಡ್ಡು ಹುಟ್ಟುವುದೇ ಇಲ್ಲ.

ಬೆಂಗಳೂರಿನ ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ದುಬಾರಿ ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಗಡಸು ಮೂತಿ) ಹಾಕುವುದರ ಹಿಂದೆ ಇರುವುದೂ ಇದೇ ಲೆಕ್ಕ. ಮನೆಯಲ್ಲಿ ವರ್ಷಕ್ಕೆರಡು ತೂತು ಕೊರೆಯುವವರಿಗೆ, ಅದೂ ಮರದಲ್ಲಾದರೆ, ಸಾದಾ ಬಿಟ್ ಧಾರಾಳ. ದಿನವಿಡೀ ಉಳಿ ಹಿಡಿಯುವ ಬಡಗಿಯ ಮಾತು ಬೇರೆ: ಅವರಿಗೆ ಒಳ್ಳೆಯದೇ ಬೇಕು, ಆದರೆ ಹೈಸ್ಪೀಡ್ ಉಕ್ಕೇ ಆಗಬೇಕೆಂದಿಲ್ಲ. ಕೈಕೆಲಸದಲ್ಲಿ ಅಂಚು ಅಷ್ಟೊಂದು ಕಾಯುವುದಿಲ್ಲ, ಕಾರ್ಬನ್ ಉಕ್ಕು ಸೊಗಸಾದ ಹರಿತ ಹಿಡಿಯುತ್ತದೆ. ಅದಕ್ಕೆ ಅಪಾಯವಿರುವುದು ಗ್ರೈಂಡರ್ ಕಲ್ಲಿನ ಮೇಲೆ. ತುದಿ ನೀಲಿಗಟ್ಟಿತೆಂದರೆ ಅಷ್ಟು ಭಾಗದ ಹದ ಹೋಯಿತು. ಅದಕ್ಕೇ ಸಾಣೆ ಹಿಡಿಯುವವರು ಗಳಿಗೆಗೊಮ್ಮೆ ಉಳಿಯನ್ನು ನೀರಿಗೆ ಅದ್ದುತ್ತಾರೆ.